ಟೇಪಕ್ಕ ಬಿಚ್ಚದ ಹೊಲಿಗೆ

ಅವಳು ಬಸ್ ಡಿಪೋದ ವಿಶ್ರಾಂತಿ ಕೋಣೆಗೆ ಕಾಲಿಟ್ಟರೆ ಸಾಕು, ಡ್ರೈವರುಗಳೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಅವಳ ಕೊರಳಲ್ಲಿ ಹಳದಿ ಅಳತೆ ಟೇಪು, ಕೈಯಲ್ಲಿ ಬಿ.ಪಿ. ನೋಡುವ ಪೆಟ್ಟಿಗೆ. ಅರ್ಧ ಆಯುಷ್ಯ ಹೊಲಿಗೆ ಮೆಷಿನ್ ತುಳಿದವಳು. ಸೂಜಿಗೆ ದಾರ ಪೋಣಿಸಲು ಕಣ್ಣು ತಕರಾರು ಎತ್ತಿದ ಮೇಲೆ ಆರೋಗ್ಯ ಕೇಂದ್ರದಲ್ಲಿ ತರಬೇತಿ ಪಡೆದು, ಜನರಿಗೆ ಆರೋಗ್ಯದ ಪಾಠ ಹೇಳಲು ಹೊರಟಳು. ಟೇಪನ್ನು ಮಾತ್ರ ಬಿಡಲಿಲ್ಲ. ಹಾಗಾಗಿ ಎಲ್ಲರಿಗೂ ಟೇಪಕ್ಕ.

"ಉಸಿರು ಬಿಡ್ರಪ್ಪಾ! ಸೊಂಟ ನೋಡಿ ನೋಡಿ ನನ್ನ ಕಣ್ಣು ಹೋಗಿದ್ದು. ನನಗೇ ಟೋಪಿ ಹಾಕ್ತೀರಾ?"

ಕೋಣೆ ತುಂಬ ನಗು. ಹೊಟ್ಟೆಗಳು ಸದ್ದಿಲ್ಲದೆ ಸ್ವಸ್ಥಾನಕ್ಕೆ ಮರಳುತ್ತಿದ್ದವು. ಆಮೇಲೆ ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು, ಭುಜ ತಿರುಗಿಸುವುದು, ಕೊನೆಗೆ ಚಹಾದ ಸಕ್ಕರೆಯ ಮಾತು. ಬಿಡಿ ಎಂದು ಅವಳು ಯಾರಿಗೂ ಹೇಳಿದವಳಲ್ಲ, ಅರ್ಧ ಮಾಡಿ ಎನ್ನುತ್ತಿದ್ದಳು. ಗೊಣಗುತ್ತಲೇ ಇದ್ದ ಕ್ಯಾಂಟೀನಿನವನು ಕೂಡ ಈಗ "ಸಕ್ಕರೆ ಅರ್ಧವೋ, ಪೂರ್ತಿಯೋ?" ಎಂದು ಕೇಳಿಯೇ ಲೋಟ ಕೊಡುತ್ತಿದ್ದ.

ಬಗ್ಗದವನು ಒಬ್ಬನೇ, ಅವಳ ಸ್ವಂತ ಅಣ್ಣ. ಡಿಪೋದ ಹಿರಿಯ ಡ್ರೈವರ್. ಪಾಠ ಶುರುವಾಗುತ್ತಿದ್ದಂತೆ ಅವನಿಗೆ ಟೈರಿನ ಗಾಳಿ ನೋಡುವ ಕೆಲಸ ನೆನಪಾಗುತ್ತಿತ್ತು. "ನನ್ನ ಹೆಗಲ ಮೇಲೆ ಕೂತು ಮೂಗು ಸುರಿಸ್ತಿದ್ದವಳು ನನಗೆ ಬುದ್ಧಿ ಹೇಳೋದಾ?" ಎನ್ನುತ್ತಿದ್ದ.

ಈ ಸಲ ಡಿಪೋದ ವೈದ್ಯರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮುಂದಿನ ಪರೀಕ್ಷೆಯ ಹೊತ್ತಿಗೆ ರಕ್ತದ ಸಕ್ಕರೆ ಇಳಿಯದಿದ್ದರೆ ಬಸ್ಸಿನಿಂದಲೂ ಇಳಿಯಬೇಕು, ಕಿಟಕಿಯ ಹಿಂದೆ ಕೂತು ಪಾಸು ಕೊಡಬೇಕು. ಸ್ಟಿಯರಿಂಗ್ ಹಿಡಿದರೆ ಜ್ವರ ಬಿಡುತ್ತದೆ ಎನ್ನುವ ಮನುಷ್ಯ ಅವನು. ಹೊರಗೆ ಏನೂ ಆಗದವನಂತೆ ಓಡಾಡಿಕೊಂಡಿದ್ದ. ಆದರೆ ಅತ್ತಿಗೆ ಫೋನಿನಲ್ಲಿ ಅತ್ತಿದ್ದಳು.

ಆ ಭಾನುವಾರ ಅಣ್ಣ ಸಮವಸ್ತ್ರದ ಪ್ಯಾಂಟು ಹಿಡಿದು ಬಂದ. "ಪುಟ್ಟೀ, ಸೊಂಟ ಸ್ವಲ್ಪ ಸಡಿಲ ಮಾಡ್ಕೊಡು. ಕೂತ್ರೆ ಗುಂಡಿ ಹಾರಿ ಪ್ರಯಾಣಿಕರಿಗೆ ಬಡಿಯುತ್ತೆ."

ಹೊಲಿದವಳು ಅವಳೇ. ಮುಂದಕ್ಕೆ ಬೇಕಾದೀತೆಂದು ಹಿಂಬದಿಯ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. ಅಣ್ಣ ಊದಿದಾಗಲೆಲ್ಲ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದಳು. ಈಗಲೂ ಬ್ಲೇಡು ಕೈಗೆತ್ತಿಕೊಂಡಳು. ಡಿಪೋದವರ ಹೊಟ್ಟೆಯನ್ನೆಲ್ಲ ಕರಗಿಸಲು ಹೊರಟವಳು ಅಣ್ಣನ ಹೊಟ್ಟೆಗೆ ಮಾತ್ರ ಜಾಗ ಮಾಡಿಕೊಡುತ್ತಿದ್ದೇನಲ್ಲ ಎನಿಸಿ ಕೈ ತಡೆಯಿತು.

"ಬಟ್ಟೆ ಮುಗೀತಣ್ಣ."

"ಏನಂದೆ?"

"ಒಳಗೆ ಬಿಟ್ಟಿದ್ದೆಲ್ಲ ಮುಗೀತು. ಇನ್ನು ಪ್ಯಾಂಟ್ ದೊಡ್ಡದಾಗಲ್ಲ, ನೀನೇ ಸಣ್ಣ ಆಗ್ಬೇಕು. ಡಿಪೋದವರು ಹೊಸ ಬಟ್ಟೆ ಕೊಡೋದು ಮುಂದಿನ ವರ್ಷ."

ಬಟ್ಟೆಯ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಅಣ್ಣ ಪ್ಯಾಂಟು ಕಿತ್ತುಕೊಂಡು ದುಸುಮುಸು ಎನ್ನುತ್ತ ಹೋದ. ಅವಳಿಗೆ ಒಂದೇ ಚಿಂತೆ. ಗೊತ್ತಾದರೆ ಈ ಮನೆಯ ಮೆಟ್ಟಿಲು ಹತ್ತುತ್ತಾನೋ ಇಲ್ಲವೋ?

ಮರುದಿನ ಪಾಠದ ಹೊತ್ತಿಗೆ ಬಾಗಿಲ ಬಳಿ ಅಣ್ಣ! "ಸೆಕೆ. ಫ್ಯಾನಿನ ಗಾಳಿಗೆ ಬಂದೆ," ಎಂದ. ಫ್ಯಾನು ಕೆಟ್ಟು ತಿಂಗಳಾಗಿತ್ತು. ಅವಳು ಅವನತ್ತ ನೋಡಲೇ ಇಲ್ಲ, ಟೇಪು ಹಿಡಿದು ಹತ್ತಿರ ಹೋಗಲೂ ಇಲ್ಲ. ಬರಬರುತ್ತ ಅವನು ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಕುರ್ಚಿಗೆ ಸರಿದ. ಚಹಾದ ಸಕ್ಕರೆ ಅರ್ಧವಾಯಿತು. ಬೆಳಗ್ಗೆ ಅತ್ತಿಗೆಯ ಜೊತೆ ಡಿಪೋದವರೆಗೆ ನಡೆದೇ ಬರತೊಡಗಿದ.

ಪರೀಕ್ಷೆಯ ದಿನ ಅವಳು ಡಿಪೋದ ಗೇಟಿನಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಒಳಗಿನಿಂದ ಒಂದು ಬಸ್ಸು ಹೊರಟಿತು. ಬೀದಿಯಲ್ಲಿ ನರಪಿಳ್ಳೆಯೂ ಅಡ್ಡವಿರಲಿಲ್ಲ, ಆದರೂ ಡ್ರೈವರ್ ಕಿವಿ ಕಿತ್ತುಹೋಗುವಂತೆ ಹಾರ್ನ್ ಒತ್ತಿದ. ಅಣ್ಣ! ಅವಳು ನಿಂತಲ್ಲೇ ಕುಣಿದಳು.

ಸಂಜೆ ಅಣ್ಣ ಅತ್ತಿಗೆ ಇಬ್ಬರೂ ಅವಳ ಮನೆಗೆ ಬಂದರು. "ಪ್ಯಾಂಟು ಜಾರ್ತಿದೆ ಕಣೇ, ಒಳಗೆ ಹಿಡಿದುಕೊಡು," ಎಂದು ಅಣ್ಣ ಠೀವಿಯಿಂದ ಹೇಳಿದ. ಎಲ್ಲಿ ಹಿಡಿಯಬೇಕೆಂದು ತೋರಿಸುವ ಉತ್ಸಾಹದಲ್ಲಿ ತಾನೇ ಅದನ್ನು ಒಳಹೊರಗು ಮಾಡಿದ. ಹೊಲಿಗೆಯ ಎರಡೂ ಬದಿ ಎರಡೆರಡು ಬೆರಳಗಲ ಬಟ್ಟೆ, ಬಣ್ಣ ಮಾಸದೆ ಹಾಗೇ ಇತ್ತು.

"ಇದೇನೇ ಇದು?"

ಚಹಾ ಸೋಸುತ್ತಿದ್ದ ಅವಳ ಕೈ ನಿಂತಿತು. "ಮುಗೀತು ಅಂದಿದ್ದೆ... ಅಲ್ವಾ ಅಣ್ಣ."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಣ್ಣ ಬಟ್ಟೆಯನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದ. ಆಮೇಲೆ ನಗಲು ಶುರುಮಾಡಿದವನು ಗೋಡೆಗೆ ಒರಗಿಕೊಳ್ಳುವವರೆಗೂ ನಕ್ಕ. ಕಣ್ಣೊರೆಸಿಕೊಂಡು, ಮೆಷಿನ್ನಿನ ಮೇಲಿದ್ದ ಕತ್ತರಿಯನ್ನು ಅವಳ ಕೈಗಿತ್ತ.

"ಕತ್ತರಿಸಿ ಹಾಕು."

"ಅಯ್ಯೋ, ಇದನ್ನ ಯಾರಾದ್ರೂ ಕತ್ತರಿಸ್ತಾರಾ? ಮುಂದೆ ಬೇಕಾದ್ರೆ?"

"ಅದಕ್ಕೇ ಹೇಳ್ತಿರೋದು. ಅದಿದ್ರೆ ನಾಳೆ ನಾನು ಬಿಚ್ಚು ಅಂತೀನಿ. ನಾನು ಕೇಳಿದ್ರೆ ನೀನು ಬಿಚ್ಚೇ ಬಿಡ್ತೀಯ. ನಿನ್ನ ಎತ್ತಿ ಆಡಿಸಿದವನಿಗೆ ಅಷ್ಟೂ ಗೊತ್ತಿಲ್ವಾ?"

ಅವಳು ಮೆಷಿನ್ನಿಗೆ ಕೂತು ಹೊಲಿಗೆಯನ್ನು ಒಳಗೆ ಹಿಡಿದಳು. ಆಮೇಲೆ ಕತ್ತರಿ ಎತ್ತಿಕೊಂಡಳು. ಕಣ್ಣು ತುಂಬಿ ಬಟ್ಟೆ ಮಸುಕಾಗಿತ್ತು, ಆದರೂ ಕತ್ತರಿ ನೆಟ್ಟಗೆ ಹೋಯಿತು.