ಹಗ್ಗ ಹಿಡಿದವಳ ಪ್ರಶ್ನೆ

ಶಿವರಾತ್ರಿ ಕಳೆದರೂ ಮಾಂಜ್ರಾ ಹೊಳೆಯ ನೀರು ಬೆಳಗಿನಲ್ಲಿ ಮೈ ಮರಗಟ್ಟಿಸುತ್ತಿತ್ತು. ಅದರ ಮೇಲೆ ಹಾಳು ಗಾಳಿ ಬೇರೆ. ಭಾಲ್ಕಿ ಕಡೆಯ ಮೀನುಗಾರ ಮಡೆಪ್ಪ ಇಂಥ ದಿನಗಳಲ್ಲಿ ಮೊದಲೆಲ್ಲ ಎಂದೂ ಒಬ್ಬನೇ ಬಲೆ ಹಾಕಿದವನಲ್ಲ. ಸೊಂಟಕ್ಕೆ ಹಗ್ಗ ಬಿಗಿದು ಅವನು ನೀರಿಗಿಳಿದರೆ, ಹಗ್ಗದ ಇನ್ನೊಂದು ತುದಿ ದಡದಲ್ಲಿ ಗೆಳೆಯ ಅಯ್ಯುಬನ ಕೈಯಲ್ಲಿ ಇರುತ್ತಿತ್ತು. ಅಯ್ಯುಬ ಸುಮ್ಮನೆ ಕೂರುವವನಲ್ಲ. "ರಾತ್ರಿ ಏನ್ ಉಂಡಿಯೋ?" "ಎಮ್ಮಿ ಹಾಲು ಕೊಟ್ಟಿತೇನು?" ಎಂದು ಕೇಳುತ್ತಲೇ ಇರುತ್ತಿದ್ದ. ಚಳಿ ಮೊದಲು ಹಿಡಿಯುವುದು ನಾಲಿಗೆಯನ್ನು. ಉತ್ತರ ತೊದಲಿತೋ, ಎಳೆದೇಬಿಡುತ್ತಿದ್ದ.

ಪೊಲೀಸ್ ಆ್ಯಕ್ಷನ್ ಕಾಲದಲ್ಲಿ, ನಿಜಾಮನ ರಾಜ್ಯಕ್ಕೆ ಸೈನ್ಯ ಬಂದು ಊರೂರಲ್ಲಿ ಮುಸಲ್ಮಾನರ ಮನೆಗಳ ಮೇಲೆ ಗುಂಪು ನುಗ್ಗಿದ ಗದ್ದಲದಲ್ಲಿ, ಅಯ್ಯುಬ ಸತ್ತ. ಆಮೇಲೆ ಮಡೆಪ್ಪ ಹಗ್ಗವನ್ನು ಜಾಲಿ ಮರಕ್ಕೆ ಕಟ್ಟತೊಡಗಿದ. ಮರ ಏನು ಕೇಳೀತು? ನಿನ್ನೆ ಗಾಳಿಗೆ ಬಲೆ ಕಾಲಿಗೆ ಸುತ್ತಿಕೊಂಡು, ಸೆಟೆದ ಕೈಯಲ್ಲಿ ತೆವಳಿ ದಡ ಸೇರುವಷ್ಟರಲ್ಲಿ ಅವನ ಅರ್ಧ ಜೀವ ಹೋಗಿತ್ತು.

ಇವತ್ತು ಅಯ್ಯುಬನ ಹೆಂಡತಿ ಮರಿಯಮಬೀ ದಡಕ್ಕೆ ಬಂದು ಕೈ ಚಾಚಿದಳು. "ಹಗ್ಗ ಕೊಡ್ರಿ ಅಣ್ಣಾ. ನಾ ಹಿಡೀತೇನಿ."

"ಬ್ಯಾಡವಾ ತಂಗಿ," ಎಂದ ಮಡೆಪ್ಪ. ಅವಳು ಕಸಿದುಕೊಂಡಳು.

ಎದೆಮಟ್ಟದ ನೀರಿನಲ್ಲಿ ಅವನು ಬಲೆ ಬೀಸಿದಾಗ, ಗಂಡನಂತೆಯೇ ಅವಳೂ ಕೇಳತೊಡಗಿದಳು. "ಮೀನು ಬಿದ್ದಾವೇನ್ರಿ?"

"ಇನ್ನೂ ಇಲ್ಲವಾ."

"ಚಳಿ ಹತ್ತಿತೇನ್ರಿ?"

"ತಡೀತೇನಿ."

ಅವನು ಬಲೆ ಎಳೆದು ಮತ್ತೆ ಬೀಸಿದ. ಆಮೇಲೆ ಅವಳು ಕೇಳಿದಳು: "ಅವತ್ತು ನಮ್ಮ ಮನಿಯವರು ಜೀವಾ ಉಳಸ್ರಿ ಅಂತ ನಿಮ್ಮ ಬಾಗಿಲಾ ಬಡೀಲಿಕ್ಕತ್ತಿದ್ದಾಗ ನೀವು ಯಾಕ ತೆಗೀಲಿಲ್ರಿ?"

ಮಡೆಪ್ಪನ ನಾಲಿಗೆ ಏಳಲಿಲ್ಲ.

ಮರಿಯಮಬೀ ಎರಡೂ ಕೈಯಿಂದ ಹಗ್ಗ ಎಳೆಯತೊಡಗಿದಳು.