ಒಂದೇ ಶಿಕ್ಕಾ, ಒಬ್ಬನೇ ಮಾಲಕ

ನಮ್ಮ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಜಗತ್ತಿನ ಶ್ರೀಮಂತರು ಕಾರಿನ ಮೂತಿಯ ಮೇಲೆ ಇಟ್ಟುಕೊಂಡು ಮೆರೆಯುವ ಒಂದು ಗುರುತನ್ನು ಆಕೆ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದಳು. ಗುಂಡನೆಯ ಒಂದು ಗೆರೆ, ಅದರೊಳಗೆ ಮೂರು ಕಾಲಿನ ಒಂದು ಚುಕ್ಕಿ, ಅಂದರೆ ನಕ್ಷತ್ರ. ಒಲೆಯ ಬೂದಿಯಲ್ಲಿ ಬರೆಯುತ್ತಿದ್ದಳು, ರೊಟ್ಟಿ ಬಡಿಯುವಾಗ ಉಳಿದ ಹಿಟ್ಟಿನಲ್ಲಿ ಬರೆಯುತ್ತಿದ್ದಳು. ಊರಿನಿಂದ ಪುಣೆ, ಮುಂಬಯಿ, ಹೈದರಾಬಾದಿನ ಕಡೆ ಹೊರಟವರು ಸಿಕ್ಕರೆ ಅವರ ಅಂಗೈ ಹಿಡಿದು ಬೆರಳಿನಿಂದ ಬರೆದು ತೋರಿಸುತ್ತಿದ್ದಳು.

"ಈ ಶಿಕ್ಕಾ ಇದ್ದ ಗಾಡಿ ಕಂಡ್ರ ಮಾಲಕ ಯಾರಂತ ಕೇಳ್ರಿ. ಮಾಲಕ ಸಿಕ್ರ ನಮ್ಮ ಮನಿಯವರೂ ಸಿಗ್ತಾರ."

ನಮ್ಮ ಕಡೆ ಶಿಕ್ಕಾ ಎಂದರೆ ಮುದ್ರೆ, ಒಬ್ಬರ ವಸ್ತು ಇನ್ನೊಬ್ಬರದಲ್ಲ ಎಂದು ಹೇಳುವ ಗುರುತು. ಮನೆಯವರು ಎಂದರೆ ನನ್ನ ಅಪ್ಪ.

ಎಪ್ಪತ್ತೆರಡರ ಬರದಲ್ಲಿ ನಮ್ಮ ಮೆಹಕರದಿಂದ ಗಂಡಸರು ಕೂಲಿ ಹುಡುಕಿಕೊಂಡು ಗುಂಪು ಗುಂಪಾಗಿ ಹೊರಟರು. ನಾನಾಗ ಇನ್ನೂ ಸಾಲೆಗೆ ಹೋಗಲು ಶುರುಮಾಡಿದ್ದೆ ಅಷ್ಟೆ. ಬಾವಿಯಲ್ಲಿ ಕೊಡ ಬಿಟ್ಟರೆ ಠಣ್ ಎಂದು ಕಲ್ಲಿನ ಸದ್ದು ಬರುತ್ತಿತ್ತು. ಸರ್ಕಾರ ಹಂಚಿದ ಕೆಂಪು ಜೋಳವನ್ನು ನಮ್ಮ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತ್ತು, ನಾವು ಮಾತ್ರ ತಿಂದೆವು. ಕೂಲಿಯವರ ಲಾರಿಗೆ ಅಪ್ಪನನ್ನು ಹತ್ತಿಸಿ ಕಳಿಸಲು ಅವ್ವ ನನ್ನನ್ನು ಕರೆದುಕೊಂಡು ಭಾಲ್ಕಿಗೆ ಬಂದಳು. ಲಾರಿಯ ಹಿಂದೆ ನಿಂತರೆ ಗಂಡನ ಮುಖ ನೋಡಬೇಕಾಗುತ್ತದೆ, ನೋಡಿದರೆ ಅಳು ಬರುತ್ತದೆ, ಅತ್ತರೆ ಮಂದಿ ನೋಡುತ್ತಾರೆ. ಅದಕ್ಕೇ ಆಕೆ ಲಾರಿಯ ಮುಂದೆ ಹೋಗಿ ನಿಂತಳು. ಅಲ್ಲಿ ಅದರ ಮೂತಿಯ ಮೇಲೆ ಆ ಚುಕ್ಕಿ ಇತ್ತು. ಕ್ಲೀನರ್ ಬಂದು "ಸರೀಬೇ, ಗಾಡಿ ಬಿಡ್ತೇವ" ಎನ್ನುವ ತನಕ ಅದನ್ನೇ ನೋಡುತ್ತಾ ನಿಂತಿದ್ದಳು. ಅಪ್ಪ ದಾರಿಗೆಂದು ಕಟ್ಟಿಕೊಂಡಿದ್ದ ರೊಟ್ಟಿಯಲ್ಲಿ ಅರ್ಧ ಮುರಿದು ಮೇಲಿನಿಂದ ನನ್ನ ಕೈಗೆ ಕೊಟ್ಟಿದ್ದ. ನಾನು ಅದನ್ನು ಲಾರಿ ಹೊರಡುವ ಮೊದಲೇ ತಿಂದು ಮುಗಿಸಿದೆ.

ಮಳೆ ಬಂದ ಮೇಲೆ ಹೋದವರು ಒಬ್ಬೊಬ್ಬರೇ ಮರಳಿದರು. ಅಪ್ಪ ಬರಲಿಲ್ಲ. ಅದೇ ಲಾರಿಯಲ್ಲಿ ಹೋಗಿದ್ದ ಔರಾದಿನ ಒಬ್ಬ ಬಂದಿದ್ದಾನೆ ಎಂದು ಸುದ್ದಿ ತಿಳಿದು ಅವ್ವ ನನ್ನನ್ನು ಕರೆದುಕೊಂಡು ಔರಾದಿಗೆ ಹೋದಳು. ಆತ ಜ್ವರದಲ್ಲಿ ಮಲಗಿದ್ದ, ಎದ್ದು ಕೂತು ಹೇಳಿದ.

"ಪುಣಾದಾಗ ಕೆಲಸ ಮುಗೀತರಿ. ಕೂಲಿ ಮಂದಿ ನೋಡೋ ಮುಕಾದಮ ಎಲ್ಲಾರಿಗಿ ಊರಿಗಿ ಹೋಗ್ರಿ ಅಂದ. ಇವರು ಮುಂದ ಇನ್ನೆಲ್ಲೋ ಕೆಲಸ ಅದ ಅಂತ ಬ್ಯಾರೆ ಲಾರಿ ಹತ್ತಿದ್ರು. ಅಲ್ಲಿಂದ ನಂಗ ಗೊತ್ತಿಲ್ಲರಿ."

"ಆ ಲಾರಿ ಹ್ಯಾಂಗಿತ್ರಿ?" ಎಂದು ಕೇಳಿದ ಅವ್ವ ನೆಲದ ಮಣ್ಣಿನಲ್ಲಿ ಬೆರಳಿನಿಂದ ಚುಕ್ಕಿ ಬರೆದಳು.

ಆತ ಬಗ್ಗಿ ನೋಡಿದ. "ಹೌದ್ ನೋಡ್ರಿ. ಅದಕ್ಕೂ ಇದೇ ಶಿಕ್ಕಾ ಇತ್ತು."

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಎಷ್ಟೋ ತಿಂಗಳ ಮೇಲೆ ನಕ್ಕಳು. "ಒಂದೇ ಶಿಕ್ಕಾ, ಒಬ್ಬನೇ ಮಾಲಕ. ಗಾಡಿ ಬದಲಾಗ್ಯಾದ, ಮಾಲಕ ಬದಲಾಗಿಲ್ಲಬೇ. ನಿಮ್ಮಪ್ಪ ಒಂದೇ ಮನಿಯಾಗ ಅದಾನ" ಎಂದಳು.

ಇದನ್ನು ಕೇಳಿ ನಗುವವರು ನಮ್ಮ ಮನೆಯ ಅಡುಗೆಯ ಪಾತ್ರೆಗಳನ್ನು ನೋಡಬೇಕಿತ್ತು. ಭಾಲ್ಕಿಯ ಸಂತೆಯಲ್ಲಿ ಪಾತ್ರೆ ಕೊಂಡರೆ ಅಂಗಡಿಯವನು ಅದರ ಮೇಲೆ ಹೆಸರು ಕೊರೆದು ಕೊಡುತ್ತಾನೆ. ಓದಲು ಬಾರದ ಅವ್ವ ಹೆಸರಿನ ಬದಲು ಎರಡು ಬೊಟ್ಟು, ಒಂದು ಗೆರೆ ಹೊಡೆಸುತ್ತಿದ್ದಳು. ಮದುವೆಯ ಮನೆಗಳಿಗೆ ಎರವಲು ಹೋದ ಪಾತ್ರೆ ಯಾರದೋ ಮನೆಯ ಅಟ್ಟ ಸೇರಿ, ಅಲ್ಲಿಂದ ಸಾಯಗಾಂವದ ಯಾರೋ ಬೀಗರ ಮನೆಗೆ ಹೋಗಿ, ವರ್ಷದ ಮೇಲೆ ಆ ಎರಡು ಬೊಟ್ಟು, ಒಂದು ಗೆರೆಯ ಬಲದಿಂದಲೇ ತಿರುಗಿ ನಮ್ಮ ಮನೆಗೆ ಬಂದದ್ದನ್ನು ನಾನೇ ಕಂಡಿದ್ದೇನೆ. ಗುರುತಿದ್ದ ವಸ್ತು ಕಳೆಯುವುದಿಲ್ಲ ಎನ್ನುವುದು ಆಕೆಯ ಮಟ್ಟಿಗೆ ಮೂಢನಂಬಿಕೆಯಲ್ಲ, ಮನೆಯ ಅನುಭವ.

ಈ ಲೆಕ್ಕದಿಂದ ಪ್ರತಿ ವರ್ಷ ಒಂದು ಜಗಳ ಹುಟ್ಟುತ್ತಿತ್ತು. ಪಿತೃಪಕ್ಷದ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತ ಹಿರಿಯರಿಗೆ ಅಡುಗೆ ಮಾಡಿ, ಎಲೆಯ ಮೇಲೆ ಬಡಿಸಿ, ಮಾಳಿಗೆಯ ಮೇಲೆ ಇಡುತ್ತಾರೆ. ಅದಕ್ಕೆ ಎಡೆ ಎನ್ನುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡರು ಎಂದರ್ಥ. ಅವ್ವ ಅತ್ತೆಗೊಂದು, ಮಾವನಿಗೊಂದು ಎಡೆ ಇಡುತ್ತಿದ್ದಳು. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, "ನಮ್ಮಣ್ಣಗೂ ಒಂದು ಇಡ್ರಿ ವೈನಿ, ಅವನ ಜೀವ ಹಸ್ಕೊಂಡು ತಿರಗತಿರತದ" ಎಂದು ಬೇಡಿಕೊಳ್ಳುತ್ತಿದ್ದ.

"ಬದುಕಿದವಗ ಎಡಿ ಇಟ್ರ ಪಾಪ ಬರ್ತದ" ಎಂದು ಅವ್ವ ಬಾಯಿ ಮುಚ್ಚಿಸುತ್ತಿದ್ದಳು. ವರ್ಷ ಕಳೆದಂತೆ ಆಕೆ ಅಪ್ಪನಿಗೆ ಬಡ್ತಿಯನ್ನೂ ಕೊಟ್ಟಳು. "ವಯಸ್ಸಾಗ್ಯಾದ, ಈಗ ಕಲ್ಲು ಹೊರಲಾಕ ಆಗಂಗಿಲ್ಲ. ಮಾಲಕ ವಾಚ್‌ಮನ್ ಮಾಡಿರಬೇಕು."

ನಾನು ಓದಿ ಬೀದರಿನ ಒಂದು ಗ್ರಂಥಾಲಯದಲ್ಲಿ ನೌಕರಿ ಹಿಡಿದೆ, ಅವ್ವನೂ ನನ್ನ ಜೊತೆಗೆ ಬಂದಳು. ವರ್ಗವಾಗಿ ಹೊರಟ ಸೇನೆಯ ಅಧಿಕಾರಿಯೊಬ್ಬರು ಒಮ್ಮೆ ಎರಡು ಪೆಟ್ಟಿಗೆ ಇಂಗ್ಲಿಷ್ ಪುಸ್ತಕ ಕೊಟ್ಟು ಹೋದರು. ಧೂಳು ಝಾಡಿಸುತ್ತಿದ್ದಾಗ ಒಂದು ದಪ್ಪ ಪುಸ್ತಕದ ರಟ್ಟಿನ ಮೇಲೆ ಅವ್ವನ ಚುಕ್ಕಿ ಕಂಡಿತು. ಬೆಳ್ಳಿಯ ಬಣ್ಣ, ಉಬ್ಬಚ್ಚು. ಬೂದಿಯಲ್ಲಿ ನೋಡಿದ್ದನ್ನು ಅಲ್ಲಿ ಬೆಳ್ಳಿಯಲ್ಲಿ ನೋಡಿದೆ.

ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ಪುಸ್ತಕ ಓದಿದೆ. ಅದು ಜರ್ಮನಿಯ ಒಂದು ಕಾರು ಕಂಪನಿಯ ಕಥೆ. ಅಲ್ಲಿ ಒಬ್ಬ ಕುದುರೆಯಿಲ್ಲದ ಗಾಡಿ ಮಾಡಿದನಂತೆ, ಕೊಳ್ಳುವವರಿಲ್ಲ. ಅವನ ಹೆಂಡತಿ ಒಂದು ಬೆಳಿಗ್ಗೆ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಆ ಗಾಡಿಯಲ್ಲಿ ತವರುಮನೆಗೆ ಹೋಗಿ ತಿರುಗಿ ಬಂದಳಂತೆ. ಎಣ್ಣೆ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು, ಬ್ರೇಕ್ ಸವೆದಾಗ ಮೋಚಿಯಿಂದ ಚರ್ಮ ಹೊಡೆಸಿದಳು. ಇನ್ನೊಂದು ಊರಿನಲ್ಲಿ ಇನ್ನೊಬ್ಬನಿದ್ದ, ಅವನೂ ಗಾಡಿ ಮಾಡುವವನೇ. ಅವನ ಕಂಪನಿಯ ಕಾರಿಗೆ ಒಬ್ಬ ಗಿರಾಕಿ ತನ್ನ ಮಗಳ ಹೆಸರಿಟ್ಟ. ಮುಂದೆ ಎರಡೂ ಕಂಪನಿ ಕೂಡಿದವು. ಚುಕ್ಕಿಯ ಮೂರು ಕಾಲೆಂದರೆ ನೆಲ, ನೀರು, ಆಕಾಶ. ಮೂರರಲ್ಲೂ ನಮ್ಮ ಯಂತ್ರ ಓಡಲಿ ಎಂಬ ಆಸೆ. ಪಂದ್ಯದ ಕಾರಿನ ತೂಕ ಸ್ವಲ್ಪ ಹೆಚ್ಚಾಯಿತೆಂದು ರಾತ್ರೋರಾತ್ರಿ ಬಣ್ಣ ಕೆರೆದು ತೆಗೆದರಂತೆ, ಒಳಗಿನ ಲೋಹ ಬೆಳ್ಳಿಯಂತೆ ಹೊಳೆಯಿತಂತೆ. ನಮ್ಮೂರಿನವರು ಬರದಲ್ಲಿ ಯಾವ ಪಂದ್ಯವೂ ಇಲ್ಲದೆ ತೂಕ ಇಳಿಸಿಕೊಂಡಿದ್ದರು, ಯಾರೂ ಹೊಳೆಯಲಿಲ್ಲ.

ಆ ಕಾರುಗಳ ಚಿತ್ರ ನೋಡುತ್ತಾ ನಾನೂ ಮರುಳಾದೆ ಎನ್ನುವುದನ್ನು ಮುಚ್ಚಿಡಲಾರೆ. ರೆಕ್ಕೆ ಬಿಚ್ಚಿದಂತೆ ಮೇಲಕ್ಕೆ ತೆರೆಯುವ ಬಾಗಿಲು, ಕನ್ನಡಿಯಂಥ ಮೈ, ಚರ್ಮದ ಆಸನ. ರಾಜರು, ಮಂತ್ರಿಗಳು ಇದನ್ನೇ ಯಾಕೆ ಹತ್ತುತ್ತಾರೆಂದು ತಿಳಿಯಿತು. ಇದರಲ್ಲಿ ಕುಳಿತವನು ಎಲ್ಲಿಗೆ ಹೋಗುತ್ತಾನೆಂದು ಯಾರೂ ಕೇಳುವುದಿಲ್ಲ, ಬಂದನಲ್ಲ ಎಂದು ಎದ್ದು ನಿಲ್ಲುತ್ತಾರೆ. ಆದರೆ ನಮ್ಮ ದೇಶದಲ್ಲಿ ಆ ಕಂಪನಿ ಇಲ್ಲಿಯವರ ಜೊತೆ ಕೂಡಿ ಲಾರಿಗಳನ್ನು ಮಾಡಿತ್ತು. ಅದಕ್ಕೇ ಆ ಚುಕ್ಕಿ ಬೇರೆಯವರ ಮನೆಗೆ ಕಾರಾಗಿ ಬಂತು, ನಮ್ಮ ಮನೆಗೆ ಲಾರಿಯಾಗಿ ಬಂತು.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಗಾಡಿ ಓಡಿಸಿದ ಹೆಂಗಸಿನ ಕಥೆ ಆಕೆಗೆ ಮೆಚ್ಚಿಕೆಯಾಯಿತು. "ಗಾಡಿ ತಿರುಗಿ ತಂದಳಲ್ಲ, ಶಾಣಿ" ಎಂದಳು. ಮೂರು ಕಾಲಿನ ಅರ್ಥ ಹೇಳಿದಾಗ, "ನೆಲ ಅದ, ಆಕಾಶ ಅದ. ನಮ್ಮ ಕಡಿ ಬರೋ ಹೊತ್ತಿಗಿ ನೀರಿನ ಕಾಲು ಮುರದದ" ಎಂದು ನಕ್ಕಳು. ಕೊನೆಗೆ ಚುಕ್ಕಿ ಹುಟ್ಟಿದ ಕಥೆ ಹೇಳಿದೆ. ಆ ಎರಡನೆಯವನು ಬೇರೆ ಊರಿನಲ್ಲಿ ನೌಕರಿಯಲ್ಲಿದ್ದಾಗ ಹೆಂಡತಿಗೆ ಒಂದು ಚಿತ್ರದ ಕಾರ್ಡು ಕಳಿಸಿದ್ದನಂತೆ. ಊರಿನ ಚಿತ್ರದಲ್ಲಿ ತಾನಿದ್ದ ಮನೆಯ ಮೇಲೆ ಒಂದು ಚುಕ್ಕಿ ಬರೆದಿದ್ದನಂತೆ. ಮುಂದೆ ಮಕ್ಕಳು ಅದನ್ನು ನೆನಪಿಟ್ಟು ಕಂಪನಿಯ ಗುರುತು ಮಾಡಿದರಂತೆ.

ಅವ್ವ ನನ್ನ ಕಡೆ ತಿರುಗಿ ಕೂತಳು. "ನಾ ಇಲ್ಲಿ ಅದೀನಿ ಅಂತ ಹೆಂಡತಿಗಿ ತಿಳಿಸಲಾಕ ಬರದಿದ್ದೇನು ಅದು?" ಎಂದಳು. ಹೌದೆಂದೆ. "ಮತ್ತ ನಿಮ್ಮಪ್ಪಗ ಬರೀಲಾಕ ಬರ್ತಿರಲಿಲ್ಲ. ಗಾಡಿಯವರೇ ಬರಕೊಂಡು ಬಂದಾರ."

ನನಗೆ ಸಿಟ್ಟು ಬಂತು. ನಾನು ಅಷ್ಟು ಕಷ್ಟಪಟ್ಟು ಓದಿದ್ದು ಆಕೆಯ ನಂಬಿಕೆಗೆ ಗೊಬ್ಬರವಾಗಲೆಂದಲ್ಲ. "ಮಾಲಕ ಜರ್ಮನಿಯಾಗ ಅದಾನವ್ವ, ಸಮುದ್ರದ ಆಚಿ. ಅಪ್ಪ ಅವಗ ಹ್ಯಾಂಗ ಗೊತ್ತಿರ್ತಾನ?" ಎಂದೆ.

"ನಿಜಾಮ ಹೈದರಾಬಾದಿನಾಗಿದ್ದ. ನಿಮ್ಮ ಮುತ್ಯಾನ ಹೊಲ ಎಷ್ಟದ ಅಂತ ಅವನ ದಫ್ತರದಾಗ ಬರದಿತ್ತೊ ಇಲ್ಲೊ? ಮಾಲಕ ಎಲ್ಲಿದ್ರೇನಬೇ, ಒಬ್ಬ ಇದ್ರ ಸಾಕು." ನಾನು ಇಪ್ಪತ್ತು ಮೂವತ್ತು ವರ್ಷ ವಾದ ಮಾಡುತ್ತಲೇ ಬಂದೆ, ಒಮ್ಮೆಯೂ ಗೆಲ್ಲಲಿಲ್ಲ.

ಲಾತೂರಿಗೆ ರೈಲಿನಲ್ಲಿ ನೀರು ಬರುವುದಕ್ಕೆ ಒಂದು ವರ್ಷ ಮೊದಲು, ಎರಡು ಸಾವಿರದ ಹದಿನೈದರಲ್ಲಿ, ನಮ್ಮಲ್ಲೂ ಬರ. ಭಾಲ್ಕಿ, ಔರಾದಿನ ಹಳ್ಳಿಗಳಿಂದ ಮತ್ತೆ ಮಂದಿ ಗಂಟು ಕಟ್ಟಿದ್ದರು. ಆ ಬೇಸಿಗೆಯಲ್ಲಿ ನಮ್ಮ ಗ್ರಂಥಾಲಯದ ಹೆಡ್‌ ಕ್ಲಾರ್ಕ್ ಸಾಹೇಬರ ಮಗಳ ಮದುವೆ, ಬೀದರಿನ ಒಂದು ಶಾದಿಖಾನೆಯಲ್ಲಿ. ಅವ್ವನನ್ನೂ ಕರೆದುಕೊಂಡು ಹೋದೆ. ಗೇಟಿನ ಒಳಗೆ ಒಂದು ಬಿಳಿಯ ಕಾರು ನಿಂತಿತ್ತು, ಅದರ ಮೂತಿಯ ಮೇಲೆ ಚುಕ್ಕಿ ನೆಟ್ಟಗೆ ನಿಂತಿತ್ತು. ಅವ್ವ ನನ್ನ ಕೈ ಬಿಡಿಸಿಕೊಂಡಳು. ಸೆರಗು ಸರಿಮಾಡಿಕೊಂಡು, ಕಾರಿಗೆ ಒರಗಿ ನಿಂತಿದ್ದ ಶೇರ್ವಾನಿಯವರ ಹತ್ತಿರ ಹೋದಳು.

"ಈ ಶಿಕ್ಕಾ ನಿಮ್ದೇನ್ರಿ ಸಾಹೇಬ್ರ?"

ಅವರು ಹೈದರಾಬಾದಿನಿಂದ ಬಂದವರು, ಸಭ್ಯರು. "ಹೌ ಅಮ್ಮಾ, ಮೇರೀಚ್ ಹೈ. ಬೈಠ್‌ಕೇ ದೇಖ್ತೇ ಕ್ಯಾ?" ಎಂದರು. ನನ್ನದೇ, ಕೂತು ನೋಡುತ್ತೀರಾ ಎಂದು.

ಆಗಿನ ಅವ್ವನ ಮುಖವನ್ನು ನಾನು ಸಾಯುವ ತನಕ ಮರೆಯಲಾರೆ. ಕಳೆದ ಪಾತ್ರೆ ಸಿಕ್ಕ ಮನೆಯ ಬಾಗಿಲಲ್ಲಿ ನಿಂತ ಹೆಂಗಸಿನ ಮುಖ ಅದು. "ನಮ್ಮ ಮನಿಯವರು ನಿಮ್ಮ ಬಲ್ಲಿ ಕೆಲಸಕ್ಕ ಅದಾರ್ರಿ. ಎಪ್ಪತ್ತೆರಡರ ಬರದಾಗ ಭಾಲ್ಕಿಯಿಂದ ಗಾಡಿ ಹತ್ಯಾರ" ಎಂದಳು.

ಅವರು ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಕಪ್ಪು ಕಾರು ಬಂದು ಪಕ್ಕದಲ್ಲಿ ನಿಂತಿತು. ಅದಕ್ಕೂ ಅದೇ ಚುಕ್ಕಿ. ಇಳಿದವರು ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರೇ, ಗುತ್ತಿಗೆದಾರರು.

"ಅವರು ನಿಮ್ಮ ತಮ್ಮನವರೇನ್ರಿ?" ಎಂದು ಅವ್ವ ಶೇರ್ವಾನಿಯವರನ್ನು ಕೇಳಿದಳು.

"ನೈ ಅಮ್ಮಾ. ಕೌನ್ ಕೀ, ಮೇರೇಕು ನೈ ಮಾಲೂಮ್." ಯಾರೋ, ತನಗೆ ಗೊತ್ತಿಲ್ಲ ಎಂದು.

ಅವ್ವ ಕಪ್ಪು ಕಾರಿನ ಹತ್ತಿರ ಹೋದಳು. "ಈ ಶಿಕ್ಕಾ ಯಾರದ್ರಿ?"

"ನಂದೇ ಯವ್ವಾ. ಹೋದ ದೀಪಾವಳಿಗಿ ತಗೊಂಡೀನಿ."

"ಆ ಬಿಳಿ ಗಾಡಿಯವರು ನಿಮಗ ಏನಾಗಬೇಕ್ರಿ?"

"ಏನೂ ಆಗಂಗಿಲ್ಲರಿ. ಯಾಕ್ರಿ?" ಎಂದು ಅವರು ನಕ್ಕರು. "ಇದು ಯಾರು ಬೇಕಾದ್ರೂ ತಗೋತಾರ ಯವ್ವಾ. ಪುಣಾದಾಗ ಓಣಿಗೊಂದು ಅವ."

ಅವ್ವ ಆ ಕಾರನ್ನೊಮ್ಮೆ ಈ ಕಾರನ್ನೊಮ್ಮೆ ನೋಡಿದಳು. ಒಂದೇ ಶಿಕ್ಕಾ, ಇಬ್ಬರು ಮಾಲಕರು, ಒಬ್ಬರಿಗೊಬ್ಬರ ಗುರುತಿಲ್ಲ. ಊಟಕ್ಕೆ ಕೂತವಳು ತಾಟಿನಲ್ಲಿ ಬೆರಳಾಡಿಸಿ ಎದ್ದಳು. ಆಟೋದಲ್ಲಿ ಬರುವಾಗ, "ಅವರಿಬ್ಬರೂ ಖರೇನೇ ಗುರುತಿಲ್ಲದವರೇನು?" ಎಂದು ಕೇಳಿದಳು. ವಾದ ಕಡೆಗೂ ನಾನೇ ಗೆದ್ದಿದ್ದೆ. ಅವರು ಅಣ್ಣತಮ್ಮಂದಿರಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನಿಸಿತು. "ಹೌದವ್ವ" ಎಂದೆ. ಅಂದಿನಿಂದ ಆಕೆ ಬೂದಿಯಲ್ಲಿ, ಹಿಟ್ಟಿನಲ್ಲಿ ಏನನ್ನೂ ಬರೆಯಲಿಲ್ಲ.

ಆ ವರ್ಷದ ಪಿತೃಪಕ್ಷದ ಅಮಾವಾಸ್ಯೆಗೆ ಎಂದಿನಂತೆ ಮೆಹಕರದ ಕಾಕಾನ ಮನೆಗೆ ಹೋದೆವು. ಟ್ಯಾಂಕರಿನ ನೀರಿನಲ್ಲೇ ಅಡುಗೆ. ಹೋಳಿಗೆ, ಪುಂಡಿಪಲ್ಯ, ಜೋಳದ ರೊಟ್ಟಿ. ಅವ್ವ ಎರಡು ಎಲೆ ಹಾಸಿದಳು. ಸ್ವಲ್ಪ ತಡೆದು, ಯಾರ ಮುಖವನ್ನೂ ನೋಡದೆ, ಮೂರನೆಯದನ್ನು ಹಾಸಿದಳು. ಅದರ ಮೇಲೆ ಒಂದು ಇಡೀ ರೊಟ್ಟಿ ಇಟ್ಟಳು. ಇಷ್ಟು ವರ್ಷ ಅದನ್ನೇ ಬೇಡಿದ್ದ ಕಾಕಾ ಗೋಡೆಯ ಕಡೆ ತಿರುಗಿ ನಿಂತ. ಆಕೆ ಗಂಡನನ್ನು ತನ್ನ ಕೈಯಾರೆ ಸತ್ತವರ ಸಾಲಿನಲ್ಲಿ ಕೂರಿಸಿದ್ದಳು.

ಎಡೆಗಳನ್ನು ಮಾಳಿಗೆಯ ಮೇಲಿಟ್ಟು ನಾವು ಅಲ್ಲೇ ಕಾದೆವು. ಕಾಗೆಗಳೂ ಊರು ಬಿಟ್ಟಿದ್ದವೋ ಏನೋ, ಮಧ್ಯಾಹ್ನ ತಿರುಗಿದ ಮೇಲೆ ಒಂದು ಬಂತು. ಅಜ್ಜನ ಎಲೆಯಲ್ಲಿ ತಿಂದಿತು, ಅಜ್ಜಿಯ ಎಲೆಯಲ್ಲಿ ಹೋಳಿಗೆ ಕಿತ್ತಿತು. ಮೂರನೆಯ ಎಲೆಯ ಸುತ್ತ ಕುಪ್ಪಳಿಸಿ ನೋಡಿ, ಮುಟ್ಟದೆ ಹಾರಿಹೋಯಿತು. ಕಾಕಾ "ತಡೀರಿ ವೈನಿ, ಇನ್ನೊಂದು ಬರ್ತದ" ಎಂದ. ಬರಲಿಲ್ಲ. ಬಿಸಿಲಿಗೆ ರೊಟ್ಟಿ ಒಣಗಿ ಸೆಟೆದುಕೊಂಡಿತು, ಇರುವೆ ಹತ್ತಿದವು. ಇದೆಲ್ಲವನ್ನೂ ನಂಬದ ನನಗೆ ಆ ಕಾಗೆಯನ್ನು ಹಿಡಿದು ತಿನ್ನಿಸಬೇಕೆನಿಸುವಷ್ಟು ಸಿಟ್ಟು ಬಂದಿತ್ತು.

ಹೊತ್ತು ಮುಳುಗುವಾಗ ಅವ್ವ ಎದ್ದು ಆ ಎಲೆಯನ್ನು ಮಡಚಿದಳು.

"ಮುಟ್ಟಲಿಲ್ಲ" ಎಂದಳು. "ಅದಾನಬೇ ಅವ. ಎಲ್ಲೋ ಅದಾನ."

ಇದೇ ಮಾತನ್ನು ಆಕೆ ನಲವತ್ತು ವರ್ಷ ಹೇಳಿದ್ದಳು, ಪ್ರತಿ ಸಲವೂ ನಗುತ್ತಾ. ಈ ಸಲ ನಗಲಿಲ್ಲ.

"ಈಗ ಯಾರಿಗಿ ಕೇಳ್ಲಿ?"

ನಾನು ಏಣಿ ಗಟ್ಟಿಯಾಗಿ ಹಿಡಿದುಕೊಂಡೆ. ಅವ್ವ ಎಲೆಯನ್ನು ಎದೆಗೆ ಅವಚಿಕೊಂಡು ಕೆಳಗಿಳಿದಳು.