ತಾಂಡೂರಿನಲ್ಲಿ ಪತ್ತೆಯಾದ ಗ್ರಹ

ಕಳೆದ ಸೋಮವಾರ ಜಹೀರಾಬಾದಿನ ನಮ್ಮ ಮನೆಯ ಪಡಸಾಲೆಗೆ ಹಾಸಿದ್ದ ತಾಂಡೂರು ಕಲ್ಲುಗಳನ್ನು ಕಿತ್ತು ಟೈಲ್ಸ್ ಕೂಡಿಸುವ ಕೆಲಸ ಶುರುವಾಯಿತು. ಹಿತ್ತಲ ಮೆಟ್ಟಿಲಿಗೆ ಹೊಂದಿಸಲು ಕೆಲಸದವನು ಹಳೆಯದೊಂದು ಕಲ್ಲನ್ನೇ ನೀರು ಸುರಿದು ಮಷಿನ್ನಿನಿಂದ ಕೊಯ್ದ. ಒದ್ದೆ ಕಲ್ಲುಪುಡಿಯ ವಾಸನೆ ಮನೆ ತುಂಬಿತು. ಅದರ ಜೊತೆಗೇ ಅಕ್ಕೋರು ನೆನಪಾದರು…

ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಇವರು ತಾಂಡೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಆಗ ಕನ್ನಡ ಪತ್ರಿಕೆಯೊಂದಕ್ಕೆ ಅಲ್ಲಿಂದ ಸುದ್ದಿ ಕಳಿಸುತ್ತಿದ್ದೆ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದೆ ನಮ್ಮಿಬ್ಬರ ಬಾಡಿಗೆ ಮನೆಗಳು ಅಕ್ಕಪಕ್ಕದಲ್ಲಿದ್ದವು.

ಹೊರದೇಶದ ದೂರದರ್ಶಕ ತೆಗೆದ ಆಕಾಶದ ಚಿತ್ರಗಳನ್ನು ಶಾಲೆಗಳಿಗೆ ಕಳಿಸುವ ಯೋಜನೆಯೊಂದಿತ್ತು. ಅಕ್ಕೋರು ತಮ್ಮ ಶಾಲೆಯನ್ನು ಅದಕ್ಕೆ ಸೇರಿಸಿದ್ದರು. ಕೆಲವೇ ನಿಮಿಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಓಡಿಸಬೇಕು. ನಕ್ಷತ್ರಗಳು ನಿಂತಲ್ಲೇ ಇರುತ್ತವೆ. ಚುಕ್ಕೆಯೊಂದು ಸರಿದರೆ ಅದು ಕ್ಷುದ್ರಗ್ರಹ ಇರಬಹುದು, ಅಂದರೆ ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುತ್ತಿರುವ ಒಂದು ಕಲ್ಲು. ಹತ್ತನೆಯ ತರಗತಿಯ ಹುಡುಗಿಯರೊಂದಿಗೆ ನೋಡುತ್ತಿದ್ದಾಗ, ಅದುವರೆಗೆ ಯಾರೂ ಗುರುತಿಸಿರದ ಚುಕ್ಕೆಯೊಂದು ಅವರಿಗೆ ಸಿಕ್ಕಿತು.

ಸಿಕ್ಕರೆ ಮುಗಿಯುವುದಿಲ್ಲ. ಮೊದಲು ತಾತ್ಕಾಲಿಕ ಗುರುತು ಕೊಡುತ್ತಾರೆ, ಅಕ್ಕೋರ ಚುಕ್ಕೆಗೆ ಅದು ಬಂದಿತ್ತು. ಮತ್ತೆ ಮತ್ತೆ ಕಂಡು ಅದರ ಹಾದಿ ಖಚಿತವಾದರೆ ಕ್ರಮಸಂಖ್ಯೆ. ಸಂಖ್ಯೆ ಬಂದ ಮೇಲೆ ಹೆಸರು. ಅಕ್ಕೋರು ಹೆಸರನ್ನು ಆಗಲೇ ಆರಿಸಿಟ್ಟಿದ್ದರು: ತಮ್ಮ ತವರೂರು ನ್ಯಾಲ್ಕಲ್.

“ಹೆಸರಿನಾಗೇ ಕಲ್ ಅದ ನೋಡು ತಮ್ಮಾ,” ಎಂದು ನಕ್ಕಿದ್ದರು.

ಗಾತ್ರ ಎಷ್ಟು ಎಂದು ಕೇಳಿದೆ. ಪತ್ರಿಕೆಯ ಡೆಸ್ಕಿನವರು ಮೊದಲು ಕೇಳುವುದು ಅದನ್ನೇ. ಅವರು ನನ್ನನ್ನು ಹೊರಗೆ ಕರೆದು, ಕಾರ್ಖಾನೆಯ ಗೋಡೆಗೆ ಒರಗಿಸಿದ್ದ ಚಪ್ಪಡಿಗಳನ್ನು ತೋರಿಸಿದರು. ಹಳದಿ ಕಲ್ಲು ಬಿಸಿಲನ್ನು ಹೆಚ್ಚು ಮರಳಿಸುತ್ತದೆ, ಕರಿ ಕಲ್ಲು ಕುಡಿದುಬಿಡುತ್ತದೆ. ನಮಗೆ ಕಾಣುವುದು ಬೆಳಕು ಮಾತ್ರ. ಅಷ್ಟೇ ಬೆಳಕು ಕೊಡಲು ಹಳದಿಯದು ಚಿಕ್ಕದಿದ್ದರೂ ಸಾಕು, ಕರಿಯದು ದೊಡ್ಡದಿರಬೇಕು.

“ಮೈಬಣ್ಣ ತಿಳಿಯೋ ತನಕ ಅಳತಿ ಹೇಳಾಕ ಬರಂಗಿಲ್ಲ. ಹಂಗೇ ಬರಿ.”

ಹಾಗೆಯೇ ಬರೆದೆ. ಆ ಸಾಲಿಗೆ ಜಾಗ ಸಿಗಲಿಲ್ಲ. ಮರುದಿನ ಬಂದ ಶೀರ್ಷಿಕೆ: ‘ತಾಂಡೂರಿನಲ್ಲಿ ಕ್ಷುದ್ರಗ್ರಹ ಪತ್ತೆ’.

ಪದ ತಪ್ಪಲ್ಲ. ಕನ್ನಡ ಪಠ್ಯಪುಸ್ತಕದಲ್ಲಿ ಇರುವುದೇ ಅದು. ಆದರೆ ಗಡಿಯಾಚೆ ತೆಲುಗು ನಾಡಿಗೆ ಸೇರಿದ ನಮ್ಮ ಊರುಗಳಲ್ಲಿ ಮನೆಮಾತು ಕನ್ನಡ, ಶಾಲೆಯ ಪಾಠ ತೆಲುಗು. ತೆಲುಗಿನಲ್ಲಿ ಇದಕ್ಕೆ ಗ್ರಹಶಕಲಂ ಎನ್ನುತ್ತಾರೆ. ಕ್ಷುದ್ರ ಎಂದರೆ ಜನರಿಗೆ ಗೊತ್ತಿದ್ದದ್ದು ಒಂದೇ, ಮಾಟದವರು ಮಾಡುವ ಕ್ಷುದ್ರಪೂಜೆ.

ಬೆಳಿಗ್ಗೆ ಮೊದಲು ಬಂದವರು ಕಾರ್ಖಾನೆಯ ಸಾಹುಕಾರರ ಹೆಂಡತಿ. ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡಿದ್ದರು.

“ಅಕ್ಕೋರೆ, ಯಾರ ಮನ್ಯಾಗ ಸಿಕ್ತರಿ ಅದು?”

“ಮನ್ಯಾಗ ಅಲ್ರಿ ವೈನಿ, ಆಕಾಶದಾಗ.”

“ನಮ್ಮ ಕಾರ್ಖಾನಿ ಮ್ಯಾಲಿಂದ ಹಾದು ಹೋಗ್ಯದೇನ್ರಿ? ಅದಕ್ಕೇ ಮೋಟರ್ ಸುಟ್ಟೋತು ನೋಡ್ರಿ!”

ಅಕ್ಕೋರು ನಕ್ಕರು, ನಾನೂ ನಕ್ಕೆ. ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಹುಡುಗಿಯರ ತಂದೆತಾಯಿ ಬಂದು ನಿಂತಾಗ ನಗು ಮುಗಿಯಿತು. ಮಕ್ಕಳನ್ನು ಕೋಣೆಯಲ್ಲಿ ಕೂಡಿಸಿ ಅಕ್ಕೋರು ಏನು ತೋರಿಸುತ್ತಾರೆ ಎಂಬುದು ಅವರ ಪ್ರಶ್ನೆ. ಮುಖ್ಯೋಪಾಧ್ಯಾಯರು ಅಕ್ಕೋರನ್ನು ಒಳಗೆ ಕರೆದರು.

“ನನಗ ತಿಳೀತದರಿ ಅಕ್ಕೋರೆ. ಹೊರಗ ನಿಂತೋರಿಗೆ ಹೆಂಗ ತಿಳಸ್ಲಿ? ಸದ್ಯಕ್ಕ ಕಂಪ್ಯೂಟರ್ ರೂಮ್ ಬಂದ್ ಇರ್ಲಿ.”

ಅದೇ ವಾರ ಮುಂದಿನ ಕಂತಿನ ಚಿತ್ರಗಳು ಬರುವುದಿತ್ತು. ಅದೇ ಚುಕ್ಕೆಯನ್ನು ಮತ್ತೆ ಹುಡುಕಿ, ಯೋಜನೆ ಮುಗಿಯುವುದರೊಳಗೆ ವರದಿ ಕಳಿಸಬೇಕಿತ್ತು. ನನ್ನ ಲ್ಯಾಪ್‌ಟಾಪ್ ಕೊಡುತ್ತೇನೆ ಎಂದೆ. ವರದಿ ಶಾಲೆಯ ಹೆಸರಿನಲ್ಲೇ ಹೋಗಬೇಕಿತ್ತು, ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ.

ನಾನು ತಿದ್ದುಪಡಿ ಕಳಿಸಿದೆ. ಅದು ತಡವಾಗಿ, ಒಳಪುಟದ ಮೂಲೆಯಲ್ಲಿ ಬಂತು: ಕ್ಷುದ್ರಗ್ರಹ ಎಂಬುದನ್ನು ಸಣ್ಣ ಗ್ರಹ ಎಂದು ಓದಿಕೊಳ್ಳಬೇಕು. ಸಾಹುಕಾರರು ಅದನ್ನು ಓಣಿಗೆಲ್ಲ ಕೇಳುವಂತೆ ಓದಿದರು.

“ಸಣ್ಣದಂತ ತಗೋರಿ! ಕಾಟಾನೂ ಕಮ್ಮೀನೇ ಇರ್ತದ.”

ಈ ಸಲ ಅಕ್ಕೋರು ನಗಲಿಲ್ಲ. ಕಟ್ಟೆಯ ಮೇಲೆ ಕೂತು ಹೇಳಿದರು:

“ಜಗತ್ತಿನಾಗ ಮೊದಲು ಸಿಕ್ಕ ಕ್ಷುದ್ರಗ್ರಹನೂ ಕಳೆದಿತ್ತು ತಮ್ಮಾ. ಸೂರ್ಯನ ಆಕಡಿ ಹೋಗಿತ್ತು. ಲೆಕ್ಕಾ ಹಾಕಿ ಹುಡುಕಿ ತೆಗೆದ್ರು. ನಂದು ಒಂದು ಕೀಲಿ ಹಿಂದ ಅದ… ಯಾವ ಲೆಕ್ಕಾ ಹಾಕ್ಲಿ?”

ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಯೋಜನೆ ಮುಗಿದಿತ್ತು. ಮುಂದಿನ ವರ್ಷ ಶಾಲೆ ಅದಕ್ಕೆ ಸೇರಲಿಲ್ಲ. ನಾನು ಜಹೀರಾಬಾದಿಗೆ ಬಂದೆ. ಅವರು ನಿವೃತ್ತರಾಗಿ ನಾರಾಯಣಖೇಡದಲ್ಲಿ ತಂಗಿಯ ಮನೆ ಸೇರಿದರು. ಫೋನ್ ಮಾಡಿದಾಗಲೆಲ್ಲ ಕೊನೆಗೆ ಕೇಳುತ್ತಿದ್ದದ್ದು ಒಂದೇ ಮಾತು: “ನಂಬರ್ ಬಂತೇನು ತಮ್ಮಾ?” ಇಲ್ಲ ಎಂದರೆ, “ಆತು ಬಿಡು…”

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಿಧನ ವಾರ್ತೆಯಲ್ಲಿ ಆ ಕಲ್ಲಿನ ಬಗ್ಗೆ ಒಂದು ಸಾಲು ಬರೆದಿದ್ದೆ. ಅದಕ್ಕೂ ಜಾಗ ಸಿಗಲಿಲ್ಲ.

ಸೋಮವಾರ ಸಂಜೆ ಕೆಲಸದವನು ಹೋದ ಮೇಲೆ, ಆ ತಾತ್ಕಾಲಿಕ ಗುರುತನ್ನು ಇಂಟರ್ನೆಟ್ಟಿನಲ್ಲಿ ಹಾಕಿ ನೋಡಿದೆ. ಈ ವರ್ಷ ಬೇರೊಂದು ದೂರದರ್ಶಕ ಅದನ್ನು ಮತ್ತೆ ಕಂಡಿದೆ. ಮೈಬಣ್ಣ ತಿಳಿದಿಲ್ಲ. ಗಾತ್ರ ತಿಳಿದಿಲ್ಲ. ಕ್ರಮಸಂಖ್ಯೆ ಬಂದಿಲ್ಲ. ಹೆಸರಿನ ಜಾಗ ಖಾಲಿ ಇದೆ.